ಬಿಸಿಲಿಗೆ ಬೆಲೆ ಎಷ್ಟು?

ಗಾಳಿ, ಮಳೆ, ಬಿಸಿಲುಗಳಿಗಾಗಿ ಪ್ರಕೃತಿಯು ಯಾರಿಂದಲೂ ಹಣವನ್ನು ಕೇಳುವುದಿಲ್ಲ. ಆದರೆ ಮಳೆಗಾಲದ ನೀರು ಬೇಸಗೆಗೆ ಒದಗಬೇಕಾದರೆ ಕೆರೆಯನ್ನು ಕಟ್ಟಬೇಕು; ಏರಿಗೆ ಮಣ್ಣು ಹಾಕಬೇಕು, ತೂಬನ್ನು ಇಡಬೇಕು, ಕಾಲಕಾಲಕ್ಕೆ ಹೂಳನ್ನು ತೆಗೆಸಬೇಕು. ನೀರು ಧರ್ಮಕ್ಕೆ ದೊರೆತರೂ ಕೆರೆಯು ಧರ್ಮಕ್ಕೆ ದೊರೆಯದು. ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕೆಲಸವೂ ಇಂಥದೇ ಆಗಿದೆ.

ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನು ಅಳವಡಿಸಿದರೆ ಮುಂದೆ ವಿದ್ಯುತ್ತಿಗಾಗಿ ಕಾಸನ್ನು ಕೊಡುವ ಅವಶ್ಯಕತೆಯೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಅದು ಹಣವುಳ್ಳವರಿಗೆ ಮಾತ್ರ ಸಲ್ಲುವ ಮಾತು, ಸಾಮಾನ್ಯ ಸಂಸಾರಕ್ಕೆ ಎಟುಕುವಂಥದಲ್ಲ ಎಂದು ಮತ್ತೆ ಕೆಲವರು ಹೇಳುತ್ತಾರೆ. ಎರಡರಲ್ಲಿಯೂ ಸತ್ಯಾಂಶವುಂಟು; ಆದರೆ ಯಾವುದೂ ಪೂರ್ಣ ಸತ್ಯವಲ್ಲ. ಸೌರಫಲಕವನ್ನು ಕೊಳ್ಳುವವರು ವಾಸ್ತವವಾಗಿ ಏನನ್ನು ಕೊಳ್ಳುತ್ತಾರೆ, ಕೊಟ್ಟ ಹಣವು ಎಲ್ಲೆಲ್ಲಿಗೆ ಹೋಗುತ್ತದೆ, ಅದು ಎಷ್ಟು ಕಾಲದಲ್ಲಿ ಹಿಂದಿರುಗುತ್ತದೆ ಎಂಬುದನ್ನು ಕರ್ನಾಟಕದ ಒಂದು ಸಾಧಾರಣ ಮನೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿಚಾರಿಸೋಣ.

ಮರಳಿನಿಂದ ವಿದ್ಯುತ್ತಿನವರೆಗೆ

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲುದೆಂಬ ಸಂಗತಿಯನ್ನು 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತು ವರ್ಷದ ತರುಣನು ಕಂಡುಕೊಂಡನು. ಆದರೆ ಅದು ಉಪಯೋಗಕ್ಕೆ ಬರುವ ಮಟ್ಟವನ್ನು ಮುಟ್ಟಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ವಿಜ್ಞಾನಿಗಳು ಸಿಲಿಕಾನಿನ ಸೌರಕೋಶವನ್ನು ನಿರ್ಮಿಸಿದರು. ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು.

ಕೋಶವು ಕೆಲಸಮಾಡುವ ಬಗೆ ಸರಳವಾಗಿದೆ. ಸಿಲಿಕಾನಿನ ತೆಳುವಾದ ಬಿಲ್ಲೆಯ ಒಂದು ಮಗ್ಗುಲಿಗೆ ಲೇಶಮಾತ್ರ ರಂಜಕವನ್ನೂ ಇನ್ನೊಂದು ಮಗ್ಗುಲಿಗೆ ಲೇಶಮಾತ್ರ ಬೋರಾನನ್ನೂ ಬೆರೆಸಿರುತ್ತಾರೆ. ಇವೆರಡೂ ಸಂಧಿಸುವೆಡೆಯಲ್ಲಿ ಒಂದು ವಿದ್ಯುತ್ ಕ್ಷೇತ್ರವು ಏರ್ಪಡುತ್ತದೆ. ಬೆಳಕು ಬಿದ್ದು ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಈ ಕ್ಷೇತ್ರವು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗಿನಿಂದ ತಂತಿಯನ್ನು ಜೋಡಿಸಿದರೆ ವಿದ್ಯುತ್ ಪ್ರವಾಹವು ಹರಿಯುತ್ತದೆ. ಉರಿಯುವ ಇಂಧನವಿಲ್ಲ, ತಿರುಗುವ ಚಕ್ರವಿಲ್ಲ, ಸದ್ದಿಲ್ಲ, ಹೊಗೆಯಿಲ್ಲ.

ಹಾಗಾದರೆ ಅದು ದುಬಾರಿಯಾದುದೇಕೆ? ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಅತಿ ಹೆಚ್ಚಾಗಿರುವ ಧಾತುವು ಸಿಲಿಕಾನೇ. ಹೊಳೆಯ ಮರಳಿನಲ್ಲಿ ಅದು ತುಂಬಿದೆ. ಆದರೆ ಮರಳಿನಲ್ಲಿ ಅದು ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಬೆಣಚುಕಲ್ಲನ್ನು ಇಂಗಾಲದೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಮೊದಲು ಆಮ್ಲಜನಕವನ್ನು ಬೇರ್ಪಡಿಸಬೇಕು. ಬಂದ ಸಿಲಿಕಾನನ್ನು ಅನಿಲರೂಪಕ್ಕೆ ತಂದು ಮತ್ತೆ ಮತ್ತೆ ಶೋಧಿಸಬೇಕು. ಬಳಿಕ ಕರಗಿಸಿ, ಕರಗಿದ ದ್ರವದಿಂದ ಒಂದೇ ಹರಳಿನ ದಿಮ್ಮಿಯನ್ನು ನಿಧಾನವಾಗಿ ಮೇಲಕ್ಕೆಳೆಯಬೇಕು. ಆ ದಿಮ್ಮಿಯನ್ನು ಕಾಗದದಂತೆ ತೆಳುವಾಗಿ ಸೀಳಬೇಕು. ಮರಳಿಗೆ ಬೆಲೆ ಇಲ್ಲವೆನ್ನಬಹುದು. ಮರಳಿನ ಪರಿಶುದ್ಧತೆಗೆ ಬೆಲೆಯುಂಟು.

1956ರಲ್ಲಿ ಸೌರಕೋಶದಿಂದ ಒಂದು ವಾಟ್ ಶಕ್ತಿಯನ್ನು ಪಡೆಯಲು 286 ಡಾಲರು ತಗಲುತ್ತಿತ್ತು. ಅಮೆರಿಕದ ಒಂದು ಸಾಧಾರಣ ಮನೆಗೆ ಬೇಕಾದಷ್ಟು ಕೋಶಗಳನ್ನು ಕೊಳ್ಳಲು 14 ಲಕ್ಷದ 30 ಸಾವಿರ ಡಾಲರು ಬೇಕಾದೀತೆಂದು ಚೇಪಿನನೇ ಲೆಕ್ಕ ಹಾಕಿದನು. ಇಷ್ಟು ಹಣವನ್ನು ತೆರಬಲ್ಲ ಗಿರಾಕಿಯು ಭೂಮಿಯ ಮೇಲೆ ಇರಲಿಲ್ಲ, ಆಕಾಶದಲ್ಲಿ ದೊರೆತನು. 1958ರಲ್ಲಿ ಹಾರಿಸಲ್ಪಟ್ಟ ವ್ಯಾನ್‌ಗಾರ್ಡ್-1 ಉಪಗ್ರಹದ ರಾಸಾಯನಿಕ ಬ್ಯಾಟರಿಯು ಕೆಲವೇ ತಿಂಗಳುಗಳಲ್ಲಿ ನಿಂತುಹೋಯಿತು. ಅದರ ಸೌರಕೋಶಗಳು ಮಾತ್ರ 1964ರ ವರೆಗೆ ಸಂದೇಶಗಳನ್ನು ಕಳುಹಿಸುವುದಕ್ಕೆ ಶಕ್ತಿಯನ್ನೊದಗಿಸಿದವು. ರಿಪೇರಿಗೆ ಯಾರೂ ಹೋಗಲಾರದ ಎಡೆಯಲ್ಲಿ, ಇಂಧನವನ್ನು ಬೇಡದ ಯಂತ್ರವೇ ಅಗ್ಗವೆಂಬುದು ಆಗ ಸ್ಪಷ್ಟವಾಯಿತು.

ಅಲ್ಲಿಂದೀಚೆಗೆ ಬೆಲೆಯು ಇಳಿದುಬಂದ ರೀತಿ ಕೈಗಾರಿಕೆಯ ಚರಿತ್ರೆಯಲ್ಲಿಯೇ ವಿರಳವಾದುದು. ಜಗತ್ತಿನಲ್ಲಿ ತಯಾರಾದ ಫಲಕಗಳ ಒಟ್ಟು ಪ್ರಮಾಣವು ಇಮ್ಮಡಿಯಾದಾಗಲೆಲ್ಲ ಬೆಲೆಯು ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯುತ್ತ ಬಂದಿದೆ. ಬಿಲ್ಲೆಗಳು ತೆಳುವಾದವು, ವಜ್ರದ ಹುಡಿ ಲೇಪಿಸಿದ ತಂತಿಯಿಂದ ಸೀಳುವ ವಿಧಾನವು ಬಂದು, ಪುಡಿಯಾಗಿ ಪೋಲಾಗುತ್ತಿದ್ದ ಸಿಲಿಕಾನು ಉಳಿಯಿತು, ಕಾರ್ಖಾನೆಗಳು ದೊಡ್ಡವಾದವು. ಕೋಶದ ಸಾಮರ್ಥ್ಯವು ನೂರಕ್ಕೆ 6ರಿಂದ 20ನ್ನು ದಾಟಿತು. ಅಂದು 14 ಲಕ್ಷ ಡಾಲರು ಬೇಕಾಗಿದ್ದ 5 ಕಿಲೋವಾಟಿನ ವ್ಯವಸ್ಥೆಯು, ಕೂಲಿ ತಂತಿ ಚೌಕಟ್ಟುಗಳೆಲ್ಲವೂ ಸೇರಿ, ಇಂದು ನಮ್ಮ ದೇಶದಲ್ಲಿ ಸುಮಾರು 3 ಲಕ್ಷ ರೂಪಾಯಿಗಳಿಗೆ ಸಿಕ್ಕುತ್ತದೆ.

ಒಂದು ಮನೆಯ ಲೆಕ್ಕ

ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಸ್ವಂತ ತಾರಸಿಯುಳ್ಳ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಅಲ್ಲಿ ಫ್ರಿಜ್ಜು, ಪಂಪು, ನೀರು ಕಾಯಿಸುವ ಗೀಸರು, ಮಿಕ್ಸರು, ಫ್ಯಾನುಗಳು ಇವೆ. ತಿಂಗಳಿಗೆ ಸುಮಾರು 350 ಯೂನಿಟ್ಟು ವಿದ್ಯುತ್ತು ಖರ್ಚಾಗುತ್ತದೆ. ಒಂದು ಕಿಲೋವಾಟ್ ಶಕ್ತಿಯು ಒಂದು ಗಂಟೆಯ ಕಾಲ ಹರಿದರೆ ಅದೇ ಒಂದು ಯೂನಿಟ್ಟು.

ನಮ್ಮ ನಾಡಿನಲ್ಲಿ ವರ್ಷದ ಸರಾಸರಿಯಲ್ಲಿ ಪ್ರತಿ ಚದರ ಮೀಟರು ನೆಲದ ಮೇಲೆ ದಿನಕ್ಕೆ ಐದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚಿನ ಸೌರಶಕ್ತಿಯು ಬೀಳುತ್ತದೆ. ಇದರಲ್ಲಿ ಐದನೆಯ ಒಂದು ಭಾಗವನ್ನು ಫಲಕವು ಹಿಡಿಯಬಲ್ಲುದು. ಹಿಡಿದುದರಲ್ಲಿಯೂ ಸ್ವಲ್ಪ ಸೋರಿಹೋಗುತ್ತದೆ. ಸಿಲಿಕಾನು ಬೆಳಕನ್ನು ಪ್ರೀತಿಸುತ್ತದೆ, ಬಿಸಿಯನ್ನಲ್ಲ: 25 ಡಿಗ್ರಿಯಿಂದ ಮೇಲೆ ಪ್ರತಿ ಡಿಗ್ರಿಗೂ ಉತ್ಪತ್ತಿಯು ನೂರಕ್ಕೆ 0.3ರಿಂದ 0.4ರಷ್ಟು ಕುಂದುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಫಲಕದ ಮೈ 65 ಡಿಗ್ರಿಗೆ ಏರಿದಾಗ ಎಂಟನೆಯ ಒಂದು ಭಾಗವು ಈ ಒಂದು ಕಾರಣದಿಂದಲೇ ನಷ್ಟವಾಗುತ್ತದೆ. ಧೂಳು, ತಂತಿ, ಇನ್ವರ್ಟರುಗಳೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಎಲ್ಲವನ್ನೂ ಕಳೆದರೆ ಒಂದು ಕಿಲೋವಾಟಿನ ಫಲಕಗಳು ದಿನಕ್ಕೆ ಸರಾಸರಿ 4 ಯೂನಿಟ್ಟು ಕೊಡುತ್ತವೆಂದು ಹಿಡಿಯಬಹುದು. ಮಲೆನಾಡಿನಲ್ಲಿ ಮಳೆಯ ತಿಂಗಳುಗಳಲ್ಲಿ ಇದು ಬಹಳ ಕಡಮೆಯಾಗುತ್ತದೆ.

ಆದುದರಿಂದ ನಮ್ಮ ಮನೆಗೆ 3 ಕಿಲೋವಾಟಿನ ವ್ಯವಸ್ಥೆಯು ಒಪ್ಪುತ್ತದೆ. ಫಲಕಗಳ ವಿಸ್ತೀರ್ಣವೇ ಸುಮಾರು 15 ಚದರ ಮೀಟರು. ಓಡಾಡಲು ಎಡೆಯೂ ಸೇರಿ ತಾರಸಿಯಲ್ಲಿ 300 ಚದರಡಿ ಬೇಕು. ವರ್ಷಕ್ಕೆ 4,200 ಯೂನಿಟ್ಟು ದೊರೆಯುತ್ತದೆಂದು ಇಟ್ಟುಕೊಳ್ಳೋಣ.

ಇದಕ್ಕೆ ತಗಲುವ ವೆಚ್ಚವು ಫಲಕದ ಜಾತಿ, ಚೌಕಟ್ಟಿನ ಎತ್ತರ, ಊರು ಇವುಗಳನ್ನು ಅನುಸರಿಸಿ ಒಂದೂವರೆ ಲಕ್ಷದಿಂದ ಎರಡು ಲಕ್ಷ ರೂಪಾಯಿಗಳ ವರೆಗೆ ಇರುತ್ತದೆ. ನಾವು 1,80,000 ರೂಪಾಯಿಗಳೆಂದು ಹಿಡಿಯೋಣ. ಇದೆಲ್ಲವೂ ಫಲಕಗಳ ಬೆಲೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಫಲಕದಿಂದ ಬರುವ ಏಕಮುಖ ಪ್ರವಾಹವನ್ನು ಮನೆಯ ಉಪಕರಣಗಳಿಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವ ಇನ್ವರ್ಟರು, ಗಾಳಿಯ ರಭಸವನ್ನು ತಡೆಯಬಲ್ಲ ಉಕ್ಕಿನ ಚೌಕಟ್ಟು, ತಂತಿ, ಸಿಡಿಲಿನ ರಕ್ಷಣೆ, ನೆಲಕ್ಕೆ ಹೂಳುವ ಅರ್ಥಿಂಗು, ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರು, ಕೆಲಸಗಾರರ ಕೂಲಿ, ಗುತ್ತಿಗೆದಾರನ ಲಾಭ, ತೆರಿಗೆ ಇವೆಲ್ಲವೂ ಅದರಲ್ಲಿ ಅಡಗಿವೆ. ಫಲಕದ ಬೆಲೆಯು ಜಗತ್ತಿನ ಮಾರುಕಟ್ಟೆಯಲ್ಲಿ ಎಷ್ಟೇ ಇಳಿದರೂ ಉಕ್ಕು, ತಾಮ್ರ, ಕೂಲಿಗಳು ಅದರೊಡನೆ ಇಳಿಯುವುದಿಲ್ಲ. ಫಲಕವು ಅರ್ಧ ಬೆಲೆಗೆ ಬಂದರೂ ಒಟ್ಟು ವೆಚ್ಚವು ಅರ್ಧವಾಗದಿರುವುದಕ್ಕೆ ಇದೇ ಕಾರಣ. ತೆರಿಗೆಯಲ್ಲಿ ಮಾತ್ರ ಈಚೆಗೆ ಸ್ವಲ್ಪ ಅನುಕೂಲವಾಗಿದೆ: ಸೌರ ಉಪಕರಣಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿಸಲಾಯಿತು.

ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟುಗಳಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಲಾಯಿತು. ಮೂರಕ್ಕಿಂತ ದೊಡ್ಡದನ್ನು ಹಾಕಿಸಿದರೂ ಇದಕ್ಕಿಂತ ಹೆಚ್ಚಿಲ್ಲ. ಇದನ್ನು ಕಳೆದರೆ ನಮ್ಮ ಮನೆಯವರಿಗೆ ಬೀಳುವ ಹೊರೆ 1,02,000 ರೂಪಾಯಿ. ಆದರೆ ಸಹಾಯಧನವು ಕೆಲಸವು ಮುಗಿದು, ಪರಿಶೀಲನೆಯಾದ ಮೇಲೆ ಬ್ಯಾಂಕಿನ ಖಾತೆಗೆ ಬರುತ್ತದೆ. ಅದುವರೆಗೆ ಪೂರ್ಣ ಹಣಕ್ಕೂ ದಾರಿಯನ್ನು ಹುಡುಕಿಕೊಳ್ಳಬೇಕು.

ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ಲೆಕ್ಕ ಹಾಕಿದರೆ 4,200 ಯೂನಿಟ್ಟುಗಳಿಂದ ವರ್ಷಕ್ಕೆ 25,200 ರೂಪಾಯಿ ಉಳಿಯುತ್ತದೆ. ಅಂದರೆ ಸಹಾಯಧನವಿದ್ದರೆ ನಾಲ್ಕು ವರ್ಷಗಳಲ್ಲಿ, ಇಲ್ಲದಿದ್ದರೆ ಏಳು ವರ್ಷಗಳಲ್ಲಿ ಹಾಕಿದ ಹಣವು ಹಿಂದಿರುಗುತ್ತದೆ. ಫಲಕದ ಆಯುಷ್ಯವು ಸುಮಾರು 25 ವರ್ಷ. ಹೀಗೆ ನೋಡಿದರೆ ಇದಕ್ಕಿಂತ ಲಾಭಕರವಾದ ಕೊಳ್ಳುವಿಕೆ ಮತ್ತೊಂದಿಲ್ಲವೆಂದು ತೋರುತ್ತದೆ. ಆದರೆ ಲೆಕ್ಕವು ಇಲ್ಲಿಗೆ ಮುಗಿಯಲಿಲ್ಲ.

ಕಾಲದ ಬೆಲೆ

ಕಲ್ಲಿದ್ದಲಿನ ವಿದ್ಯುದಾಗಾರಕ್ಕೂ ಸೌರಫಲಕಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಕಲ್ಲಿದ್ದಲಿನ ಖರ್ಚು ದಿನದಿನವೂ ಬರುತ್ತದೆ, ಉರಿಸಿದಷ್ಟಕ್ಕೆ ಕೊಟ್ಟರಾಯಿತು. ಸೌರಫಲಕದಲ್ಲಾದರೋ ಇಪ್ಪತ್ತೈದು ವರ್ಷಗಳ ವಿದ್ಯುತ್ತಿನ ಬೆಲೆಯನ್ನು ಮೊದಲನೆಯ ದಿನವೇ ಒಟ್ಟಿಗೆ ಕೊಟ್ಟುಬಿಡಬೇಕು. 2045ರಲ್ಲಿ ಉರಿಸುವ ದೀಪಕ್ಕೆ ಇಂದೇ ಹಣ ತೆರುವುದೆಂದರೆ ಆ ಹಣವು ಅಷ್ಟು ವರ್ಷ ಬೇರೆ ಕಡೆಯಲ್ಲಿ ದುಡಿಯುವುದನ್ನು ಬಿಟ್ಟುಕೊಟ್ಟಂತೆ.

ಇದರ ಪ್ರಭಾವ ಎಷ್ಟೆಂಬುದನ್ನು ಅಂಕಿಗಳಿಂದಲೇ ತಿಳಿಯೋಣ. ಸಹಾಯಧನವನ್ನು ಮರೆತು ಪೂರ್ಣ ಬೆಲೆಯನ್ನೇ ತೆಗೆದುಕೊಳ್ಳೋಣ. ಫಲಕವು ವರ್ಷಕ್ಕೆ ನೂರಕ್ಕೆ ಅರ್ಧದಷ್ಟು ಸವೆಯುತ್ತದೆಂದರೆ 25 ವರ್ಷಗಳಲ್ಲಿ ಒಟ್ಟು ಸುಮಾರು 99,000 ಯೂನಿಟ್ಟು ಬರುತ್ತದೆ. ಇನ್ವರ್ಟರು ಫಲಕದಷ್ಟು ಬಾಳುವುದಿಲ್ಲ. ನಡುವೆ ಒಮ್ಮೆ ಬದಲಾಯಿಸಲು 30,000, ತೊಳೆಯುವ ಮತ್ತು ನೋಡಿಕೊಳ್ಳುವ ಖರ್ಚಿಗೆ ವರ್ಷಕ್ಕೆ 1,000 ಎಂದು ಇಟ್ಟರೆ ಒಟ್ಟು 2,35,000 ರೂಪಾಯಿ. ಭಾಗಿಸಿದರೆ ಯೂನಿಟ್ಟಿಗೆ ಸುಮಾರು 2 ರೂಪಾಯಿ 40 ಪೈಸೆ. ಇದು ಬಡ್ಡಿಯನ್ನು ಗಣಿಸದ ಲೆಕ್ಕ. ಈಗ ಅದೇ ಹಣಕ್ಕೆ ನೂರಕ್ಕೆ 7ರಂತೆ ಬಡ್ಡಿಯನ್ನು ಸೇರಿಸಿ ನೋಡಿದರೆ ಯೂನಿಟ್ಟಿನ ಬೆಲೆಯು ಸುಮಾರು 4 ರೂಪಾಯಿ 40 ಪೈಸೆಗೆ ಏರುತ್ತದೆ. ಅದೇ ಬಿಸಿಲು, ಅದೇ ಫಲಕ, ಅದೇ ತಾರಸಿ. ಬೆಲೆ ಮಾತ್ರ ಹೆಚ್ಚುಕಡಮೆ ಇಮ್ಮಡಿ!

ಸೌರವಿದ್ಯುತ್ತಿನ ಬೆಲೆಯಲ್ಲಿ ಅರ್ಧದ ಸಮೀಪವು ಸಿಲಿಕಾನಿಗೂ ಅಲ್ಲ, ಉಕ್ಕಿಗೂ ಅಲ್ಲ, ಕಾಲಕ್ಕೆ ಸಲ್ಲುತ್ತದೆ. ನೂರಕ್ಕೆ 7ಕ್ಕೆ ಸಾಲ ಸಿಕ್ಕುವವನಿಗೆ ಬಿಸಿಲು ಅಗ್ಗ. ನೂರಕ್ಕೆ 24ರಂತೆ ಕೈಸಾಲ ಮಾಡಬೇಕಾದವನಿಗೆ ಅದೇ ಬಿಸಿಲು ದುಬಾರಿ. ಒಂದೇ ಬೀದಿಯ ಎರಡು ಮನೆಗಳಿಗೆ ಸೂರ್ಯನು ಎರಡು ಬೆಲೆಯಲ್ಲಿ ದೊರೆಯುವುದು ಹೀಗೆ.

ಈ ಕಾರಣದಿಂದಲೇ ಸಾಲದ ಏರ್ಪಾಡು ಫಲಕದಷ್ಟೇ ಮುಖ್ಯವಾದ ಉಪಕರಣವೆನ್ನಬಹುದು. ಮೇಲಿನ ಮನೆಯವರು 1,02,000 ರೂಪಾಯಿಗಳನ್ನು ನೂರಕ್ಕೆ 7ರ ಬಡ್ಡಿಗೆ ಐದು ವರ್ಷಗಳ ಅವಧಿಗೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 2,020 ರೂಪಾಯಿ. ವಿದ್ಯುತ್ತಿನಲ್ಲಿ ಆಗುವ ಉಳಿತಾಯ ತಿಂಗಳಿಗೆ 2,100 ರೂಪಾಯಿ. ಉಳಿತಾಯವೇ ಕಂತನ್ನು ತೀರಿಸುತ್ತದೆ. ಆರನೆಯ ವರ್ಷದಿಂದ ಫಲಕವು ಸ್ವಂತದ್ದಾಗುತ್ತದೆ.

ಈ ತತ್ತ್ವವನ್ನು ಬಹಳ ಹಿಂದೆಯೇ ಆಚರಣೆಗೆ ತಂದ ಉದಾಹರಣೆಯು ನಮ್ಮ ನಾಡಿನಲ್ಲಿಯೇ ಇದೆ. 1995ರಲ್ಲಿ ಹರೀಶ್ ಹಂದೆಯವರು ತಮ್ಮ ಸಂಗಡಿಗರೊಡನೆ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿ ವಿದ್ಯುತ್ತು ಕಾಣದ ಹಳ್ಳಿಮನೆಗಳಿಗೆ ಸಣ್ಣ ಸೌರದೀಪಗಳನ್ನು ಒದಗಿಸಲಾರಂಭಿಸಿದಾಗ ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡಲು ಒಪ್ಪಿಸುವುದೂ ಅವರ ಕಾರ್ಯದ ಮುಖ್ಯ ಭಾಗವಾಯಿತು. ದಿನಗೂಲಿಯವನ ಕೈಗೆ ಹಣವು ದಿನದಿನವೂ ಬರುತ್ತದೆ, ಬೆಳೆಗಾರನ ಕೈಗೆ ಸುಗ್ಗಿಯಲ್ಲಿ ಬರುತ್ತದೆ. ಕಂತೂ ಹಾಗೆಯೇ ಇರಬೇಕು. ಹಂದೆಯವರಿಗೆ 2011ರಲ್ಲಿ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿಯು ಸಂದಿತು.

ರಾತ್ರಿಯ ಸಮಸ್ಯೆ

ಸೌರವಿದ್ಯುತ್ತನ್ನು ಹಾಕಿಸಿದವರಲ್ಲಿ ಅನೇಕರಿಗೆ ಅನಿರೀಕ್ಷಿತವಾಗಿ ತೋರುವ ಒಂದು ಸಂಗತಿಯುಂಟು. ಬೀದಿಯಲ್ಲಿ ವಿದ್ಯುತ್ತು ಹೋದಾಗ, ಉರಿಬಿಸಿಲಿದ್ದರೂ, ಅವರ ಮನೆಯಲ್ಲಿಯೂ ವಿದ್ಯುತ್ತು ಹೋಗುತ್ತದೆ! ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕಂಬವನ್ನೇರಿ ದುರಸ್ತಿಮಾಡುವ ಕೆಲಸಗಾರನು ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿರುವಾಗ ಯಾರದೋ ತಾರಸಿಯಿಂದ ಪ್ರವಾಹವು ಹರಿದುಬಂದರೆ ಅವನ ಪ್ರಾಣಕ್ಕೆ ಅಪಾಯ. ಆದುದರಿಂದ ಜಾಲದಲ್ಲಿ ವಿದ್ಯುತ್ತು ನಿಂತೊಡನೆ ಇನ್ವರ್ಟರು ತಾನೂ ನಿಲ್ಲುತ್ತದೆ.

ಹಗಲಿನ ಹೆಚ್ಚುವರಿಯನ್ನು ಸರಬರಾಜು ಕಂಪನಿಯ ಜಾಲಕ್ಕೆ ಕೊಟ್ಟು ರಾತ್ರಿ ಹಿಂದಕ್ಕೆ ಪಡೆಯುವುದು ಇಂಥ ವ್ಯವಸ್ಥೆಯ ಕ್ರಮ. ಎರಡನ್ನೂ ಅಳೆದು ವ್ಯತ್ಯಾಸಕ್ಕೆ ಮಾತ್ರ ಬಿಲ್ಲನ್ನು ಹಾಕುತ್ತಾರೆ. ಬಳಕೆಯನ್ನು ಮೀರಿ ಉಳಿದುದಕ್ಕೆ ದೊರೆಯುವ ದರವು ನಾವು ಕೊಡುವ ದರಕ್ಕಿಂತ ಸಾಕಷ್ಟು ಕಡಮೆ. ಆದುದರಿಂದ ಅಗತ್ಯವನ್ನು ಮೀರಿ ಫಲಕಗಳನ್ನು ಹಾಕಿಸುವುದರಲ್ಲಿ ಲಾಭವಿಲ್ಲ.

ವಿದ್ಯುತ್ತು ಹೋದಾಗಲೂ ದೀಪವುರಿಯಬೇಕಾದರೆ ಬ್ಯಾಟರಿ ಬೇಕು. 12 ವೋಲ್ಟು, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ಟು ಹಿಡಿಯುತ್ತದೆ. ಅದು ಬಹುಕಾಲ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ದಿನಕ್ಕೆ 0.9 ಯೂನಿಟ್ಟಿನಂತೆ ಐದು ವರ್ಷ ದುಡಿದರೂ ಅದು ಕೂಡಿಟ್ಟು ಕೊಡುವುದು ಸುಮಾರು 1,600 ಯೂನಿಟ್ಟು. ಬ್ಯಾಟರಿಯ ಬೆಲೆ 15,000 ರೂಪಾಯಿಯಾದರೆ, ಕೂಡಿಡುವ ಖರ್ಚೇ ಯೂನಿಟ್ಟಿಗೆ 9 ರೂಪಾಯಿಯನ್ನು ಮೀರುತ್ತದೆ. ವಿದ್ಯುತ್ತನ್ನು ಹುಟ್ಟಿಸುವುದಕ್ಕಿಂತ ಅದನ್ನು ಕೂಡಿಡುವುದೇ ದುಬಾರಿ. ಲಿಥಿಯಂ ಬ್ಯಾಟರಿಗಳು ಹೆಚ್ಚು ಕಾಲ ಬಾಳುತ್ತವೆ. ಆದರೆ ಅವಕ್ಕೆ ಮೊದಲೇ ಕೊಡಬೇಕಾದ ಹಣವೂ ಹೆಚ್ಚು. ದೀಪ, ಫ್ಯಾನುಗಳಂಥ ಅತ್ಯಾವಶ್ಯಕ ಉಪಯೋಗಗಳಿಗೆ ಮಾತ್ರ ಬ್ಯಾಟರಿಯನ್ನು ಇಟ್ಟುಕೊಂಡು, ಪಂಪು, ಇಸ್ತ್ರಿಪೆಟ್ಟಿಗೆ, ಒಗೆಯುವ ಯಂತ್ರಗಳನ್ನು ಹಗಲಿನಲ್ಲಿಯೇ ಬಳಸುವುದು ಜಾಣತನ.

ಯಾರಿಗೆ ಲಾಭ, ಯಾರಿಗಿಲ್ಲ?

ನಮ್ಮ ಲೆಕ್ಕವೆಲ್ಲ ತಿಂಗಳಿಗೆ 350 ಯೂನಿಟ್ಟು ಬಳಸುವ, ಸ್ವಂತ ತಾರಸಿಯುಳ್ಳ ಮನೆಗೆ ಸಂಬಂಧಿಸಿತ್ತು. ಬೇರೆ ಮನೆಗಳಲ್ಲಿ ಫಲಿತಾಂಶವೂ ಬೇರೆ.

ಕರ್ನಾಟಕದಲ್ಲಿ 2023ರ ಜುಲೈಯಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮೇರೆಗೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ, ವಿದ್ಯುತ್ತನ್ನು ಉಚಿತವಾಗಿ ಕೊಡಲಾಯಿತು. 200ನ್ನು ಮೀರಿದವರು ಪೂರ್ಣ ಬಿಲ್ಲನ್ನು ಕೊಡಬೇಕು. ಇಂಥ ಯೋಜನೆಯ ಕೆಳಗೆ ಬಿಲ್ಲೇ ಬಾರದ ಮನೆಗೆ ಫಲಕದಿಂದ ಉಳಿಯತಕ್ಕುದು ಏನು? ಏನೂ ಇಲ್ಲ. ಆ ಮನೆಯ ಮೇಲೆ ಫಲಕವನ್ನಿಟ್ಟರೆ ಹಣವು ಉಳಿಯುವುದು ಬಿಲ್ಲನ್ನು ತೆರುವ ಸರ್ಕಾರಕ್ಕೆ, ಮನೆಯವರಿಗಲ್ಲ. ಒಂದು ಕೈ ಫಲಕಕ್ಕೆ ಸಹಾಯಧನವನ್ನು ಕೊಟ್ಟು ಇನ್ನೊಂದು ಕೈ ಉಚಿತ ವಿದ್ಯುತ್ತನ್ನು ಕೊಟ್ಟಾಗ, ಬಡವರ ಸೂರಿನ ಮೇಲೆ ಬಿಸಿಲು ವ್ಯರ್ಥವಾಗಿ ಬೀಳುತ್ತದೆ. ಆ ಸೂರುಗಳ ಮೇಲೂ ಸೌರಫಲಕಗಳು ಏರಬೇಕಾದರೆ ಉಳಿತಾಯವು ಯಾರಿಗೆ ಆಗುವುದೋ ಅವರೇ ಬಂಡವಾಳವನ್ನು ಹೂಡುವುದು ನ್ಯಾಯ.

ಬಾಡಿಗೆಯ ಮನೆಯಲ್ಲಿರುವವರಿಗೆ ಬಿಲ್ಲು ತಮ್ಮದು, ತಾರಸಿ ಮಾಲಿಕನದು. ಮಾಲಿಕನಿಗೆ ಬಿಲ್ಲಿನ ಚಿಂತೆಯಿಲ್ಲ. ಬಾಡಿಗೆದಾರನಿಗೆ ನಾಲ್ಕು ವರ್ಷ ಅಲ್ಲಿಯೇ ಇರುವ ಭರವಸೆಯಿಲ್ಲ. ಬಹುಮಹಡಿಯ ಕಟ್ಟಡಗಳಲ್ಲಿ ಒಂದು ತಾರಸಿಗೆ ಐವತ್ತು ಮನೆಗಳು. ಪಾಲಿಗೆ ಬರುವ ಬಿಸಿಲು ಅಷ್ಟಕ್ಕಷ್ಟೇ. ಇವು ವಿಜ್ಞಾನದ ಕೊರತೆಗಳಲ್ಲ, ವ್ಯವಹಾರದ ತೊಡಕುಗಳು. ಆದರೂ ಫಲಕವು ತಾರಸಿಯನ್ನು ಏರದಂತೆ ತಡೆಯಲು ಅವೇ ಸಾಕು.

ಕೊಳ್ಳುವ ಮುನ್ನ

ಮನೆಗೆ ಫಲಕಗಳನ್ನು ಹಾಕಿಸಬೇಕೆಂದಿರುವವರು ಮೊದಲು ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸರಾಸರಿ ಬಳಕೆಯನ್ನು ತಿಳಿಯಬೇಕು. ತಿಂಗಳ ಯೂನಿಟ್ಟುಗಳನ್ನು 120ರಿಂದ ಭಾಗಿಸಿದರೆ ಬೇಕಾದ ಕಿಲೋವಾಟು ಸ್ಥೂಲವಾಗಿ ದೊರೆಯುತ್ತದೆ. ಮಂಜೂರಾದ ಹೊರೆಗೆ ಅನುಸಾರವಾಗಿ ವಿಧಿಸುವ ನಿಗದಿತ ಶುಲ್ಕವನ್ನು ಫಲಕವಿದ್ದರೂ ಕೊಡಲೇಬೇಕಾದುದರಿಂದ, ಬಿಲ್ಲು ಸೊನ್ನೆಯಾಗುತ್ತದೆಂಬ ಆಶ್ವಾಸನೆಯನ್ನು ನಂಬಬಾರದು.

ಎರಡನೆಯದಾಗಿ ನೆರಳನ್ನು ನೋಡಬೇಕು. ಫಲಕಗಳು ಸರಪಳಿಯಂತೆ ಜೋಡಿಸಲ್ಪಟ್ಟಿರುವುದರಿಂದ ಒಂದರ ಮೇಲೆ ಬಿದ್ದ ತೆಂಗಿನ ಗರಿಯ ನೆರಳು ಉಳಿದವುಗಳ ಉತ್ಪತ್ತಿಯನ್ನೂ ತಗ್ಗಿಸಬಲ್ಲುದು. ನಮ್ಮ ಅಕ್ಷಾಂಶದಲ್ಲಿ ಫಲಕಗಳು ದಕ್ಷಿಣಕ್ಕೆ ಮುಖಮಾಡಿ, 12ರಿಂದ 17 ಡಿಗ್ರಿಗಳಷ್ಟು ಓರೆಯಾಗಿದ್ದರೆ ಒಳ್ಳೆಯದು. ಮೂರನೆಯದಾಗಿ ಚೌಕಟ್ಟಿನಲ್ಲಿ ಉಳಿತಾಯ ಮಾಡಬಾರದು. ಬಿರುಗಾಳಿಯ ಒಂದು ಸಂಜೆ ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಅಳಿಸಿಹಾಕಬಲ್ಲುದು. ನಾಲ್ಕನೆಯದಾಗಿ ಫಲಕಕ್ಕೂ ಇನ್ವರ್ಟರಿಗೂ ಇರುವ ಭರವಸೆಯ ಅವಧಿಗಳನ್ನು ಬೇರೆಬೇರೆಯಾಗಿ ಬರಹದಲ್ಲಿ ಪಡೆಯಬೇಕು. ಸಹಾಯಧನ ಬೇಕಾದರೆ ಗುತ್ತಿಗೆದಾರನು ನೋಂದಾಯಿತನಾಗಿರಬೇಕು, ಫಲಕಗಳು ಸ್ವದೇಶದಲ್ಲಿ ತಯಾರಾದವಾಗಿರಬೇಕು. ಕೊನೆಯದಾಗಿ, ಹದಿನೈದು ದಿನಕ್ಕೊಮ್ಮೆ ಮುಂಜಾನೆಯ ತಂಪಿನಲ್ಲಿ ನೀರು ಹಾಕಿ ಧೂಳನ್ನು ತೊಳೆಯುವ ಆಳು ಮನೆಯಲ್ಲಿ ಯಾರೆಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಚೇಪಿನನ ಕಾಲದಲ್ಲಿ ಸಮಸ್ಯೆಯು ಸಿಲಿಕಾನಿನದಾಗಿತ್ತು. ವಿಜ್ಞಾನಿಗಳೂ ಯಂತ್ರಶಿಲ್ಪಿಗಳೂ ಎಪ್ಪತ್ತು ವರ್ಷ ದುಡಿದು ಅದನ್ನು ಬಹುಮಟ್ಟಿಗೆ ಪರಿಹರಿಸಿದ್ದಾರೆ. ಇಂದು ಉಳಿದಿರುವುದು ಮೊದಲ ದಿನದ ಹಣವನ್ನು ಯಾರು ಹೂಡಬೇಕು, ಯಾವ ಬಡ್ಡಿಗೆ, ಯಾರ ಸೂರಿನ ಮೇಲೆ ಎಂಬ ಪ್ರಶ್ನೆ. ಇದಕ್ಕೆ ಉತ್ತರವನ್ನು ಪ್ರಯೋಗಶಾಲೆಯು ಕೊಡಲಾರದು. ಬ್ಯಾಂಕುಗಳೂ ಸರ್ಕಾರಗಳೂ ತಾರಸಿಯ ಒಡೆಯರೂ ಕೂಡಿ ಕೊಡಬೇಕಾಗಿದೆ.